ಪ್ರಶಸ್ತಿ ಬಂದ ಪುಸ್ತಕದಿಂದ ಶುರು ಮಾಡಬೇಡಿ

ಇನ್‌ಸ್ಟಾಗ್ರಾಂನಲ್ಲಿ ಕನ್ನಡ ಪುಸ್ತಕಗಳ ಸಡಗರ ಜೋರಾಗಿದೆ. ಕಾಫಿ ಲೋಟದ ಪಕ್ಕ ಮುಖಪುಟ, ಕೆಳಗೆ ‘ಸಾಯುವ ಮುನ್ನ ಓದಲೇಬೇಕಾದ 10 ಕೃತಿಗಳು’. ಬಿಡಿಸಿ ನೋಡಿದರೆ ಅದು ಪ್ರಶಸ್ತಿಗಳ ಪಟ್ಟಿಯೇ. ಕುವೆಂಪು ಅಂದರೆ ‘ಶ್ರೀ ರಾಮಾಯಣ ದರ್ಶನಂ’, ಬೇಂದ್ರೆ ಅಂದರೆ ‘ನಾಕು ತಂತಿ’, ದೇವನೂರ ಮಹಾದೇವ ಅಂದರೆ ‘ಕುಸುಮಬಾಲೆ’, ಕುಂ. ವೀರಭದ್ರಪ್ಪ ಅಂದರೆ ‘ಅರಮನೆ’. ನಾಲ್ಕೂ ದೊಡ್ಡ ಕೃತಿಗಳು, ಅದರಲ್ಲಿ ತಕರಾರಿಲ್ಲ. ಆದರೆ ಆ ಲೇಖಕರೊಳಗೆ ಮೊದಲ ಸಲ ಕಾಲಿಡುವವರಿಗೆ ಇವಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಕಾರಣ ಸರಳ. ಪ್ರಶಸ್ತಿ ಬರುವುದು ತಡವಾಗಿ. ಬೇಂದ್ರೆಯವರ ‘ಗರಿ’ ಬಂದದ್ದು 1932ರಲ್ಲಿ, ‘ನಾಕು ತಂತಿ’ 1964ರಲ್ಲಿ, ಅದಕ್ಕೆ ಜ್ಞಾನಪೀಠ 1973ರಲ್ಲಿ. ನಡುವಿನ 32 ವರ್ಷ ಕನ್ನಡದ ಕಿವಿ ಬೇಂದ್ರೆಯವರ ಹಾಡಿಗೆ ಹದವಾಗಿತ್ತು. ಆ ಕಿವಿ ಇಲ್ಲದ ಹುಡುಗನ ಕೈಗೆ ನೇರವಾಗಿ ‘ನಾಕು ತಂತಿ’ ಕೊಟ್ಟು, ‘ಅದ್ಭುತ, ಓದು’ ಅಂದರೆ ಅವನಿಗೆ ಅದ್ಭುತ ಕಾಣುವುದಿಲ್ಲ, ತನ್ನ ದಡ್ಡತನ ಕಾಣುತ್ತದೆ. ಬೇಂದ್ರೆ ಮೊದಲು ಕಿವಿಯಿಂದ ಬರಬೇಕು. ಹಾಡಿದ್ದನ್ನು ನಾಲ್ಕು ದಿನ ಕೇಳಿ, ಆಮೇಲೆ ‘ಗರಿ’ ತೆಗೆಯಲಿ.

ಇದು ರುಚಿಯ ಮಾತಷ್ಟೇ ಅಲ್ಲ, ದುಡ್ಡಿನ ಮಾತೂ ಹೌದು. ನಮ್ಮ ಸಿರಿಗೇರಿಯ ವಿದ್ಯಾರ್ಥಿಗೆ ಒಂದು ದಪ್ಪ ಕಾದಂಬರಿ ಅಂದರೆ ಮನೆಯವರು ಮೆಣಸಿನಕಾಯಿ ಬಿಡಿಸಿ ತಂದ ಒಂದು ದಿನದ ಕೂಲಿ. ಅದನ್ನು ಕೊಟ್ಟು ತಂದ ಪುಸ್ತಕ 30ನೇ ಪುಟಕ್ಕೆ ನಿಂತುಹೋದರೆ ಆ ಲೇಖಕನ ಇನ್ನೊಂದು ಪುಸ್ತಕ ಆ ಮನೆಗೆ ಬರುವುದಿಲ್ಲ. ಪಟ್ಟಿ ಹಾಕಿದವರಿಗೆ ಈ ನಷ್ಟದ ಲೆಕ್ಕ ಸಿಗುವುದೂ ಇಲ್ಲ. ಅವರಿಗೆ ಬಂದದ್ದು ಲೈಕುಗಳು.

‘ಕುಸುಮಬಾಲೆ’ಯನ್ನೇ ತೆಗೆದುಕೊಳ್ಳಿ. ನಂಜನಗೂಡು ಕಡೆಯ ಆ ಮಾತು ತೆಲುಗು ಬೆರೆತ ಬಳ್ಳಾರಿ ಕನ್ನಡದವರಿಗೆ ಬೇರೆ ದೇಶದ್ದೇ. ಎಲ್. ಬಸವರಾಜು ಅವರಂಥ ವಿದ್ವಾಂಸರು ಆ ಗದ್ಯದ ಸಾಲುಗಳನ್ನು ಮುರಿದು ಪದ್ಯದ ಹಾಗೆ ಜೋಡಿಸಿ ಕೊಟ್ಟರು. ಹೀಗೆ ಓದಿದರೆ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದ ಕೆಲಸ ಅದು. ಹತ್ತು ವಿಮರ್ಶೆಗಿಂತ ಹೆಚ್ಚಿನ ಉಪಕಾರ ಎಂದು ನನ್ನ ಎಣಿಕೆ. ಅದಕ್ಕೂ ಮೊದಲು ‘ಒಡಲಾಳ’ ಓದಿದವರಿಗೆ ಭಯವೇ ಇರುವುದಿಲ್ಲ. ಕಳೆದುಹೋದ ಹುಂಜಕ್ಕಾಗಿ ಹಲುಬುವ ಸಾಕವ್ವ, ರಾತ್ರಿಯೆಲ್ಲ ಕಡಲೆಕಾಯಿ ತಿನ್ನುವ ಮನೆಮಂದಿ, ಬಾಗಿಲಿಗೆ ಬರುವ ಪೊಲೀಸರು. ಇದಕ್ಕೆ ನಂಜನಗೂಡಿನವರೇ ಆಗಬೇಕಿಲ್ಲ.

ಇಲ್ಲಿ ನನ್ನ ಮುಖ್ಯ ಜಗಳ ಇದೆ. ದಾರಿ ಹೇಳುವವರು ತಾವು ಯಾವ ಊರಿನಿಂದ ಹೊರಟವರು ಎಂದು ಹೇಳುವುದೇ ಇಲ್ಲ. ಮಲೆನಾಡಿನ ಹುಡುಗಿಗೆ ‘ಮಲೆಗಳಲ್ಲಿ ಮದುಮಗಳು’ ಅಜ್ಜಿ ಮನೆ. ಕಾಲುವೆಗೆ ನೀರು ಬಿಟ್ಟರೇ ಭತ್ತ ಕಾಣುವ ಸಿರುಗುಪ್ಪದವರಿಗೆ ಆ ಮಳೆಯೇ ಒಂದು ಕಟ್ಟುಕತೆ. ನಮಗೆ 1933ರ ‘ಮಲೆನಾಡಿನ ಚಿತ್ರಗಳು’ ಮೊದಲಾಗಬೇಕು. ಪುಟ್ಟ ಪುಸ್ತಕ, ಕಾಡಿಗೆ ಕಣ್ಣು ಹೊಂದಿಸಿಕೊಡುತ್ತದೆ.

‘ಸಾಹಿತ್ಯಕ್ಕೆ ಶ್ರಮ ಬೇಕು, ಸುಲಭದ ಬಾಗಿಲು ತೆರೆದು ಓದುಗರನ್ನು ಸೋಮಾರಿ ಮಾಡಬೇಡಿ’ ಎನ್ನುವ ಹಿರಿಯರಿದ್ದಾರೆ. ನಾನು ಸಾರಾಂಶ ಕೇಳುತ್ತಿಲ್ಲ, ಗೈಡು ಕೇಳುತ್ತಿಲ್ಲ. ‘ರಾಮಾಯಣ ದರ್ಶನಂ’ ಓದಬೇಡಿ ಎನ್ನುತ್ತಲೂ ಇಲ್ಲ. ಶ್ರಮ ಪಡುವ ಮನಸ್ಸು ಬರಬೇಕಾದರೆ ಮೊದಲು ಆ ಲೇಖಕನ ಮೇಲೆ ಪ್ರೀತಿ ಹುಟ್ಟಬೇಕಲ್ಲ? ಕ್ಲಾಸಿನಲ್ಲಿ ಪಂಪನಿಂದ ಕಾಲಾನುಕ್ರಮವಾಗಿ ಇಳಿದು ಬರುವುದು ಚರಿತ್ರೆಯ ಪಾಠಕ್ಕೆ ಸರಿ. ಪ್ರೀತಿ ಇಸವಿ ನೋಡಿ ಹುಟ್ಟುವುದಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ‘ಹಾರ್ಟ್ ಲ್ಯಾಂಪ್’ ಕನ್ನಡದ ಯಾವುದೋ ಒಂದು ಸಂಕಲನದ ಪುಟಪುಟ ಅನುವಾದವಲ್ಲ. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12ನ್ನು ಅನುವಾದಕಿ ದೀಪಾ ಭಾಸ್ತಿ ಆರಿಸಿದರು. ಹೊರಗಿನ ಓದುಗರಿಗೆ ಬಾನು ಅವರ ಯಾವ ಕತೆ ಮೊದಲು ಕೈಗೆ ಸಿಗಬೇಕು ಎಂದು ಒಬ್ಬರು ಕೂತು ಯೋಚಿಸಿದ್ದಾರೆ. ಕನ್ನಡದ ಓದುಗರಿಗಾಗಿ ಕನ್ನಡದ ಲೇಖಕರ ಬಗ್ಗೆ ಹಾಗೆ ಕೂತು ಯೋಚಿಸುವವರು ಎಷ್ಟು ಜನ?

ಮುಖಪುಟದ ಫೋಟೊ ಹಾಕುವವರು ಹಾಕಲಿ, ಜೊತೆಗೆ ನಾಲ್ಕು ಸಾಲು ಸೇರಿಸಲಿ. ಎಲ್ಲಿ ಎಡವಿದಿರಿ, ಯಾವ ಕತೆಯಿಂದ ಹಿಡಿತ ಸಿಕ್ಕಿತು, ಭಾಷೆ ನಿಮ್ಮ ಮನೆಯದೋ ಹೊರಗಿನದೋ. ಕುಂವೀ ಬಗ್ಗೆ ನಾನೇ ಶುರು ಮಾಡುತ್ತೇನೆ. ಬಳ್ಳಾರಿ ಸೀಮೆಯವರಾದರೆ ಧೈರ್ಯವಾಗಿ ‘ಅರಮನೆ’ಗೇ ನುಗ್ಗಿ. ಮನ್ರೋ ಸಾಹೇಬನ ಕಾಲದ ಆ ಜಾತ್ರೆಯಲ್ಲಿ ನಿಮ್ಮ ಓಣಿಯ ಮಾತೇ ಇದೆ, ವಾಕ್ಯ ಉದ್ದವಾಯಿತು ಅನಿಸಿದರೆ ಗಟ್ಟಿಯಾಗಿ ಓದಿ. ಮಂಗಳೂರು, ಶಿವಮೊಗ್ಗ ಕಡೆಯವರಾದರೆ ಮೊದಲು ಅವರ ಆತ್ಮಕಥೆ ‘ಗಾಂಧಿ ಕ್ಲಾಸು’ ತೆಗೆಯಿರಿ. ಕೊಟ್ಟೂರಿನ ಆ ಮೇಷ್ಟ್ರ ದನಿ ಕಿವಿಗೆ ಬಿದ್ದ ಮೇಲೆ ‘ಅರಮನೆ’ಗೆ ಬನ್ನಿ, ಇಲ್ಲಿಯ ಯಾವುದಾದರೂ ಪದ ಅರ್ಥವಾಗದಿದ್ದರೆ ನಮ್ಮನ್ನು ಕೇಳಿ.