ಯುದ್ಧದ ನಗೆಚಿತ್ರಗಳನ್ನು ನಮ್ಮ ಹುಡುಗಿಯರು ನೋಡಬಹುದೇ?

ಯುದ್ಧಕಾಲದ ನಗೆಚಿತ್ರಗಳನ್ನು ಮಕ್ಕಳಿಗೆ ತೋರಿಸುವುದು ತರವಲ್ಲವೆಂಬ ಮಾತನ್ನು ಹೆತ್ತವರ ಬಾಯಿಂದ ಹಲವು ಬಾರಿ ಕೇಳಿದ್ದೇನೆ. ಸಿಪಾಯಿಯೊಬ್ಬನು ಕೆಸರಿನಲ್ಲಿ ಜಾರಿ ಬೀಳುವುದನ್ನೂ ಬಂದೂಕನ್ನು ತಲೆಕೆಳಗಾಗಿ ಹಿಡಿಯುವುದನ್ನೂ ಕಂಡು ಮಕ್ಕಳು ಹೊಟ್ಟೆ ಹಿಡಿದು ನಗುವಾಗ, ಗಡಿಯಲ್ಲಿ ಪ್ರಾಣವೊಡ್ಡಿ ನಿಂತವರಿಗೆ ಇದು ಅವಮಾನವಲ್ಲವೇ ಎಂದು ಹಿರಿಯರಿಗೆ ತೋರುವುದು ಸಹಜವೇ. ಆ ಅಳುಕನ್ನು ನಾನು ಗೌರವಿಸುತ್ತೇನೆ, ಒಪ್ಪಲಾರೆ.

ರಣರಂಗದ ನಗೆಯು ಚಲಚ್ಚಿತ್ರದೊಡನೆ ಹಡಗಿನಲ್ಲಿ ಬಂದಿಳಿದ ಸರಕೇನೂ ಅಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಕುಳಿತು ವಿರಾಟಪರ್ವದ ಆಟವನ್ನು ಬೆಳಗಿನವರೆಗೆ ನೋಡಿದ ಬಂಟ್ವಾಳ ಸೀಮೆಯ ಹಿರಿಯರಿಗೆ ಉತ್ತರಕುಮಾರನು ಚಿರಪರಿಚಿತನು. ಹೆಂಗಳೆಯರ ಮುಂದೆ ಅವನಾಡುವ ಶೂರಮಾತುಗಳೇನು, ಗೊಂಬೆಗಳಿಗೆ ಉಡಿಸಲು ಕೌರವರ ಪಟ್ಟೆವಸ್ತ್ರಗಳನ್ನು ತಾರೆಂದು ತಂಗಿ ಉತ್ತರೆಯು ಬೇಡುವುದೇನು, ಶತ್ರುಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಅವನು ಓಟ ಕೀಳುವುದೇನು, ಬೃಹನ್ನಳೆಯು ಜಡೆ ಹಾರುತ್ತಿರಲು ಅವನನ್ನು ಅಟ್ಟಿ ಹಿಡಿದು ತರುವುದೇನು! ಒಲೆಯ ಮುಂದಿನ ಪೌರುಷವೆಂದು ನಮ್ಮ ಗಾದೆಯೂ ಅವನನ್ನು ಇಂದಿಗೂ ಚುಚ್ಚುತ್ತದೆ. ಆದರೆ ಭೀಷ್ಮ ದ್ರೋಣರನ್ನು ಎದುರಿಗೆ ಕಂಡ ಎಳೆಯನು ಹೆದರದೆ ಇನ್ನೇನು ಮಾಡಿಯಾನು? ಅದೇ ಉತ್ತರನು ಕುರುಕ್ಷೇತ್ರದ ಮೊದಲನೆಯ ದಿನವೇ ಶಲ್ಯನ ಕೈಯಿಂದ ಹತನಾದನೆಂಬುದನ್ನು ನಕ್ಕವರಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ವೀರರಸವು ಮುಚ್ಚಿಡುವ ಭಯವನ್ನು ಹಾಸ್ಯವು ಬಯಲಿಗೆ ತಂದಿಡುತ್ತದೆ. ಜನರು ಅದನ್ನು ಮೆಚ್ಚುವುದು ಇದಕ್ಕಾಗಿಯೇ ಎಂದು ನನ್ನ ನಂಬಿಕೆ.

ಚಾರ್ಲಿ ಚಾಪ್ಲಿನನು ‘ಶೋಲ್ಡರ್ ಆರ್ಮ್ಸ್’ ಎಂಬ ಮೂಕಚಿತ್ರದಲ್ಲಿ ಮಾಡಿದ್ದೂ ಇದನ್ನೇ. ಅದು ತೆರೆಗೆ ಬಂದುದು 1918ನೆಯ ಇಸವಿಯ ಅಕ್ಟೋಬರದಲ್ಲಿ. ಮಹಾಯುದ್ಧವು ನಿಂತುದು ನವೆಂಬರ 11ರಂದು. ಹೆಣಗಳು ಇನ್ನೂ ಬೀಳುತ್ತಿರುವಾಗ ಯುದ್ಧವನ್ನು ನಗೆಗೀಡು ಮಾಡುವುದು ಅಪಾಯವೆಂದು ಸ್ನೇಹಿತರು ಎಚ್ಚರಿಸಿದ್ದರು. ಚಿತ್ರವಾದರೋ ಅಪಾರ ಜನಪ್ರಿಯವಾಯಿತು, ಸಿಪಾಯಿಗಳೂ ಅದನ್ನು ಮೆಚ್ಚಿಕೊಂಡರು. ನೀರು ತುಂಬಿದ ಕಂದಕದಲ್ಲಿ ಮುಳುಗಿಯೇ ಮಲಗಿ ಗ್ರಾಮೋಫೋನಿನ ಕಹಳೆಯಿಂದ ಉಸಿರಾಡುವುದು, ಮರದ ಬೊಡ್ಡೆಯ ವೇಷ ತೊಟ್ಟು ಶತ್ರುಗಳ ನಡುವೆ ನಿಲ್ಲುವುದು, ತಲೆಯ ಮೇಲೆ ಹಾರುವ ಗುಂಡಿಗೆ ಸೀಸೆಯನ್ನೊಡ್ಡಿ ಅದರ ಬಾಯಿ ತೆರೆಸುವುದು, ಇವೆಲ್ಲ ಕೇಳಿದರೆ ಬರಿಯ ಹುಚ್ಚಾಟ. ಆದರೂ ಆ ನೀರು, ಆ ಕೆಸರು, ಆ ಗುಂಡು ಕಂದಕದಲ್ಲಿದ್ದವರು ನಿತ್ಯವೂ ಕಂಡವೇ.

ಶತ್ರುವನ್ನು ಹೀಯಾಳಿಸುವ ಚಿತ್ರಗಳು ದ್ವೇಷವನ್ನು ಬಿತ್ತುವುವೆಂಬ ಇನ್ನೊಂದು ಆಕ್ಷೇಪವುಂಟು, ಇದರಲ್ಲಿ ಹುರುಳಿದೆ. ಆ ಯುದ್ಧದಲ್ಲಿ ಜರ್ಮನರೆಂದರೆ ರಾಕ್ಷಸರೆಂದು ಬ್ರಿಟಿಷರ ಪ್ರಚಾರವು ಸಾರುತ್ತಿತ್ತು. ನಮ್ಮ ಕರಾವಳಿಯಲ್ಲಾದರೋ ಜರ್ಮನರೆಂದರೆ 1894ರಲ್ಲಿ ಮಂಗಳೂರಿನ ಅಚ್ಚುಕೂಟದಿಂದ ಕನ್ನಡ ನಿಘಂಟನ್ನು ಹೊರತಂದ ಕಿಟ್ಟೆಲರ ಜನ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಯುದ್ಧಕಾಲದಲ್ಲಿ ಬಂಧನಕ್ಕೊಳಗಾದರು. ಹೆಂಚಿನ ಮತ್ತು ನೆಯ್ಗೆಯ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಇಂಥ ನಾಡಿನವರು ಶತ್ರುವಿನ ಚಿತ್ರವನ್ನು ಎಚ್ಚರದಿಂದಲೇ ನೋಡಬೇಕು. ಚಾಪ್ಲಿನನ ಸಿಪಾಯಿಯು ಸೆರೆಸಿಕ್ಕ ಜರ್ಮನ್ ಆಳುಗಳಿಗೆ ಸಿಗರೇಟು ಹಂಚುತ್ತಾನೆ. ಜಂಬದ ಕುಳ್ಳ ಅಧಿಕಾರಿಯೊಬ್ಬನನ್ನು ಮಾತ್ರ ತೊಡೆಯ ಮೇಲೆ ಬೋರಲು ಹಾಕಿ ಬಾರಿಸುತ್ತಾನೆ. ಅದನ್ನು ಕಂಡು ಆ ಅಧಿಕಾರಿಯ ಆಳುಗಳೇ ಚಪ್ಪಾಳೆ ತಟ್ಟುತ್ತಾರೆ!

ಎಲ್ಲ ಚಿತ್ರಗಳೂ ಈ ಮಟ್ಟದವಲ್ಲ. 1941ರಲ್ಲಿ ಅಮೇರಿಕೆಯಲ್ಲಿ ಹೊರಬಂದ ಆಬಟ್ ಮತ್ತು ಕಾಸ್ಟೆಲೋ ಜೋಡಿಯ ‘ಬಕ್ ಪ್ರೈವೇಟ್ಸ್’ನಲ್ಲಿ ಕವಾಯತಿನ ಎಡವಟ್ಟು ಸೊಗಸಾಗಿದೆ, ಯುದ್ಧದ ಭಯವೇ ಇಲ್ಲ, ಒಮ್ಮೆ ನಕ್ಕು ಮರೆಯಬಹುದು. ನಗೆಗೂ ಒಂದು ಎಲ್ಲೆಯುಂಟು. ಹಿಟ್ಲರನನ್ನು ಅಣಕಿಸಿ 1940ರಲ್ಲಿ ‘ದಿ ಗ್ರೇಟ್ ಡಿಕ್ಟೇಟರ್’ ಎಂಬ ವಾಕ್ಚಿತ್ರವನ್ನು ತೆಗೆದ ಚಾಪ್ಲಿನನೇ, ಜರ್ಮನಿಯ ಬಂದಿಶಿಬಿರಗಳ ಘೋರವು ಅಂದೇ ತಿಳಿದಿದ್ದರೆ ಅದನ್ನು ತೆಗೆಯಲಾಗುತ್ತಿರಲಿಲ್ಲವೆಂದು 1964ರ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಅಣ್ಣನನ್ನೋ ಗಂಡನನ್ನೋ ಸೈನ್ಯಕ್ಕೆ ಕಳುಹಿಸಲು ಬಿ.ಸಿ.ರೋಡಿನ ನಿಲ್ದಾಣದವರೆಗೆ ಬಂದು, ಕಣ್ಣೊರೆಸಿಕೊಂಡು ಮನೆಗೆ ಮರಳುವ ಹೆಣ್ಣುಮಕ್ಕಳಿದ್ದಾರೆ. ವೀರರ ಕಥೆಗಳು ಅವರ ಭಯವನ್ನು ಕೇಳುವುದೇ ಇಲ್ಲ. ಆದುದರಿಂದ ತಾಯಂದಿರಲ್ಲಿ ನನ್ನ ವಿನಂತಿಯೇನೆಂದರೆ, ಮಗಳು ಈ ಚಿತ್ರವನ್ನು ನೋಡುವಾಗ ಗದರಿಸದೆ ಜೊತೆಯಲ್ಲಿ ಕುಳಿತುಕೊಳ್ಳಿರಿ. ಒಂದು ಗಂಟೆಯೂ ಹಿಡಿಯದು. ಅದರಲ್ಲಿ ಕಂದಕಕ್ಕೆ ಟಪಾಲು ಬರುವ ಸನ್ನಿವೇಶವೊಂದಿದೆ. ಇತರರಿಗೆಲ್ಲ ಕಾಗದಗಳು ಬರುತ್ತವೆ, ಚಾರ್ಲಿಗೆ ಮಾತ್ರ ಇಲ್ಲ. ಅವನು ಮೆಲ್ಲನೆ ಇನ್ನೊಬ್ಬ ಸಿಪಾಯಿಯ ಹಿಂದೆ ಹೋಗಿ ನಿಂತು, ಅವನ ಹೆಗಲ ಮೇಲಿಂದ ಆ ಕಾಗದವನ್ನು ತಾನೂ ಓದತೊಡಗುತ್ತಾನೆ. ಓದುವವನು ನಕ್ಕರೆ ನಗುತ್ತಾನೆ, ಅವನ ಮುಖ ಬಾಡಿದರೆ ಇವನ ಮುಖವೂ ಬಾಡುತ್ತದೆ.