ಕಚೇರಿಯ ದೂರವಾಣಿಗೆ ಕಾಲು ಬಂದ ಮೇಲೆ

ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಮೊದಲೇ ಒಂದು ಮಾತು ತಿಳಿಸಿಬಿಡುತ್ತೇನೆ: ಈ ಬಾರಿಯ ಬರಹ ಸ್ವಲ್ಪ ಖಾರವಾಗಿದೆ. ನಿಮ್ಮಲ್ಲಿ ಕೆಲವರು ಈಗ ಶಾಲೆಗಳ ಆಡಳಿತ ಮಂಡಳಿಗಳಲ್ಲಿದ್ದೀರಿ, ಕೆಲವರು ಸಹಕಾರ ಸಂಘಗಳ ಕಾರ್ಯದರ್ಶಿಗಳಾಗಿದ್ದೀರಿ, ಒಬ್ಬಿಬ್ಬರು ಕಚೇರಿ ಸಾಮಗ್ರಿಗಳ ವ್ಯಾಪಾರವನ್ನೇ ನಡೆಸುತ್ತಿದ್ದೀರಿ. ನಿಮ್ಮ ಮೇಜಿನ ಮೇಲಿರುವ, ಅಥವಾ ಇರಬೇಕಾಗಿದ್ದೂ ಇಲ್ಲದಿರುವ, ಒಂದು ವಸ್ತುವಿನ ಬಗ್ಗೆ ನನ್ನ ತಕರಾರು. ಅದು ಕಾರ್ಡ್‌ಲೆಸ್ ದೂರವಾಣಿ.

ಕಚೇರಿಯ ದೂರವಾಣಿಗೆ ಒಂದು ಸ್ಥಳವಿರಬೇಕು ಎಂಬುದು ನನ್ನ ವಾದ. ಮನೆಯ ದೂರವಾಣಿ ಮನೆಯವರ ಅನುಕೂಲಕ್ಕೆ ಇರುವಂಥದು. ಅವರು ಅದನ್ನು ಅಡುಗೆಮನೆಗೆ ಒಯ್ಯಲಿ, ಹಿತ್ತಲಿಗೆ ಒಯ್ಯಲಿ, ಯಾರೂ ಕೇಳುವಂತಿಲ್ಲ. ಕಚೇರಿಯ ದೂರವಾಣಿ ಹೊರಗಿನಿಂದ ಕರೆ ಮಾಡುವವನ ಅನುಕೂಲಕ್ಕೆ ಇರುವಂಥದು. ಆ ಸಂಖ್ಯೆ ಲೆಟರ್‌ಹೆಡ್ಡಿನ ಮೇಲೆ ಅಚ್ಚಾಗಿರುತ್ತದೆ, ಶಾಲೆಯ ಫಲಕದ ಮೇಲೆ ಬರೆದಿರುತ್ತದೆ. ಅದನ್ನು ನಂಬಿ ಯಾರೋ ಎಲ್ಲಿಂದಲೋ ಕರೆ ಮಾಡುತ್ತಾರೆ. ಆ ನಂಬಿಕೆಗೆ ಉತ್ತರ ಕೊಡಬೇಕಾದ ಉಪಕರಣ ಗುಮಾಸ್ತರೊಬ್ಬರ ಜೇಬಿನಲ್ಲಿಯೋ ಹಾಜರಿ ಪುಸ್ತಕಗಳ ಅಡಿಯಲ್ಲಿಯೋ ಅಡಗಿ ಕೂತರೆ ಅದು ಕಚೇರಿಯ ದೂರವಾಣಿ ಹೇಗಾದೀತು?

ನಾನು ಸೇವೆಗೆ ಸೇರಿದ ಕಾಲದಲ್ಲಿ ಮುಖ್ಯೋಪಾಧ್ಯಾಯರ ಮೇಜಿನ ಬಲತುದಿಯಲ್ಲಿ ಒಂದು ಕಪ್ಪು ದೂರವಾಣಿ ಇರುತ್ತಿತ್ತು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆಯ ಸರಕು. ಎತ್ತಿದರೆ ಮೊಣಕೈ ನೋಯುವಷ್ಟು ಭಾರ. ಅದರ ಡಯಲಿಗೆ ಒಂದು ಪುಟ್ಟ ಬೀಗ. ಬೀಗದ ಕೈ ಹಿರಿಯ ಗುಮಾಸ್ತರ ಜನಿವಾರದಲ್ಲಿ. (ಆ ಬೀಗವಿದ್ದರೂ, ರಿಸೀವರ್ ಇಡುವ ಗುಂಡಿಯನ್ನು ಲೆಕ್ಕ ಹಾಕಿ ಪಟಪಟನೆ ತಟ್ಟಿದರೆ ಕರೆ ಹೋಗುತ್ತದೆಂದು ಒಂಬತ್ತನೆಯ ತರಗತಿಯ ಹುಡುಗರಿಗೆ ಗೊತ್ತಿತ್ತು. ಡಯಲು ಮಾಡುತ್ತಿದ್ದುದೂ ಅದನ್ನೇ, ತಂತಿಯ ಪ್ರವಾಹವನ್ನು ಎಣಿಸಿ ಎಣಿಸಿ ಕಡಿಯುವುದನ್ನು. ಆ ಹುಡುಗರಲ್ಲಿ ಇಬ್ಬರು ಈಗ ಎಂಜಿನಿಯರುಗಳು.) ದೂರವಾಣಿಯ ತಂತಿ ಎರಡು ಮೊಳಕ್ಕಿಂತ ಹೆಚ್ಚಿರಲಿಲ್ಲ. ಆದ್ದರಿಂದ ಮನುಷ್ಯನೇ ಅದರ ಬಳಿಗೆ ಹೋಗಬೇಕಾಗಿತ್ತು. ಗಂಟೆ ಬಾರಿಸಿದರೆ ಇಡೀ ಕಾರಿಡಾರಿಗೆ ಕೇಳುತ್ತಿತ್ತು, ಹತ್ತಿರವಿದ್ದವನು ಎತ್ತುತ್ತಿದ್ದನು, ಅಟೆಂಡರಾದರೂ ಸರಿ, ಕಾರ್ಯನಿಮಿತ್ತ ಬಂದ ತಂದೆಯಾದರೂ ಸರಿ.

ಹಳ್ಳಿಗಾಡಿಗೆ ದೂರವಾಣಿ ಬಂದ ಕಥೆಯಲ್ಲಿಯೂ ನಮ್ಮ ನಾಡಿಗೆ ಒಂದು ಪಾಲಿದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಮಾಡಿದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ ಧೂಳು ಬಿಸಿಲುಗಳಲ್ಲಿ ನಡೆಯುವಂತೆ ಅದನ್ನು ಕಟ್ಟಿದ್ದರು. ಅಂದರೆ ನಮ್ಮ ವಿದ್ಯುತ್ತಿನ ಹಣೆಬರಹವನ್ನು ಅರಿತವರು ಮಾಡಿದ ಕೆಲಸ ಅದು. ಈಗಿನ ಕಚೇರಿ ಸಲಕರಣೆಗಳನ್ನು ಕೊಳ್ಳುವವರಿಗೆ ಆ ಅರಿವು ಏಕಿಲ್ಲವೋ ತಿಳಿಯದು.

ಏಕೆ ಹೀಗೆನ್ನುತ್ತೇನೆಂದರೆ, ತಾಮ್ರದ ತಂತಿಯ ಸಾಮಾನ್ಯ ದೂರವಾಣಿಗೆ ಬೇಕಾದ ವಿದ್ಯುತ್ತು ಅದೇ ತಂತಿಯಲ್ಲಿ ವಿನಿಮಯ ಕೇಂದ್ರದಿಂದ ಬರುತ್ತದೆ. ಸುಮಾರು 48 ವೋಲ್ಟ್‌ನ ನೇರ ಪ್ರವಾಹ. ಅಲ್ಲಿ ದೊಡ್ಡ ಬ್ಯಾಟರಿಗಳ ಸಾಲೇ ಇರುತ್ತದೆ. ಊರಿಗೆ ಊರೇ ಕತ್ತಲಾದರೂ ದೂರವಾಣಿ ಮಾತಾಡುತ್ತಿದ್ದುದು ಈ ಕಾರಣದಿಂದ. ಕಾರ್ಡ್‌ಲೆಸ್‌ನ ಸಂಸಾರ ಬೇರೆ. ಗೋಡೆಯ ತಂತಿ ಬರುವುದು ಅದರ ಬೇಸಿಗೆ. ಬೇಸು ಆ ಮಾತನ್ನು ರೇಡಿಯೋ ಅಲೆಯಾಗಿ ಬದಲಿಸಿ ಹ್ಯಾಂಡ್‌ಸೆಟ್ಟಿಗೆ ಕಳಿಸುತ್ತದೆ. ಹಾಗೆ ಕಳಿಸಲು ಅದಕ್ಕೆ ಗೋಡೆಯ ಪ್ಲಗ್ಗಿನ ಕರೆಂಟು ಬೇಕೇ ಬೇಕು. ಕರೆಂಟು ಹೋದ ಗಳಿಗೆಯಲ್ಲಿ ಹ್ಯಾಂಡ್‌ಸೆಟ್ಟಿನ ಸೆಲ್ಲು ತುಂಬಿದ್ದರೂ ಅದು ಆಟಿಕೆಗೆ ಸಮ.

ಇದರಲ್ಲಿ ಅತ್ಯಂತ ಅನ್ಯಾಯದ ಸಂಗತಿ ಯಾವುದೆಂದರೆ, ಕರೆ ಮಾಡಿದವನಿಗೆ ಇದೊಂದೂ ತಿಳಿಯುವುದಿಲ್ಲ. ಬೇಸಿಗೆ ಜೀವವಿಲ್ಲದಿದ್ದರೂ ತಂತಿ ಸರಿಯಾಗಿಯೇ ಇರುತ್ತದೆ. ವಿನಿಮಯ ಕೇಂದ್ರ ತನ್ನ ಕೆಲಸ ಮಾಡುತ್ತದೆ. ಅವನ ಕಿವಿಗೆ ರಿಂಗಾಗುವ ಸದ್ದು ಕೇಳುತ್ತಲೇ ಇರುತ್ತದೆ. ಇಲ್ಲಿ ಕಚೇರಿಯಲ್ಲಿ ನಿಶ್ಶಬ್ದ. ಅವನು ‘ಎತ್ತುವವರೇ ಇಲ್ಲ, ಎಂಥ ಜನ’ ಎಂದು ಶಪಿಸುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು?

ಆರೇಳು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಒಂದು ಪ್ರೌಢಶಾಲೆ, ಹೆಸರು ಬೇಡ. ನಾನು ನಿವೃತ್ತನಾಗಿ ಅದರ ಹತ್ತಿರವೇ ಮನೆ ಮಾಡಿದ್ದೆ. ಆಷಾಢದ ಮಳೆ ಹಿಡಿದು ಮೂರನೆಯ ದಿನ. ಮಧ್ಯಾಹ್ನ ನನ್ನ ಮೊಬೈಲಿಗೆ ಒಬ್ಬ ಹಳೆಯ ವಿದ್ಯಾರ್ಥಿಯ ಕರೆ ಬಂತು. ‘ಮೇಷ್ಟ್ರೇ, ನಮ್ಮ ಊರಿನ ಹಳ್ಳ ಸೇತುವೆ ಮೇಲೆ ಹರೀತಿದೆ. ಮಕ್ಕಳನ್ನ ಇವತ್ತು ಬಸ್ಸು ಹತ್ತಿಸಬೇಡಿ ಅಂತ ಹೇಳೋಕೆ ಒಂದು ಗಂಟೆಯಿಂದ ಸ್ಕೂಲಿಗೆ ಮಾಡ್ತಾ ಇದೀನಿ. ರಿಂಗಾಗುತ್ತೆ, ಯಾರೂ ಎತ್ತಲ್ಲ.’ ಕೊಡೆ ಹಿಡಿದು ಹೋದೆ. ಮಳೆಯೆಂದು ಶಾಲೆಯನ್ನು ಬೇಗ ಬಿಟ್ಟಿದ್ದರು. ಆ ಊರಿನ ಹನ್ನೊಂದು ಮಕ್ಕಳು ಆಗಲೇ ಬಸ್ ನಿಲ್ದಾಣದಲ್ಲಿ ನಿಂತಿದ್ದವು. ಬಸ್ಸು ಇನ್ನೂ ಹೊರಟಿರಲಿಲ್ಲ. ಅವರನ್ನು ಹಾಸ್ಟೆಲಿನಲ್ಲಿ ಉಳಿಸುವ ಏರ್ಪಾಟು ಮಾಡಿ ಕಚೇರಿಗೆ ಹೋದರೆ ಗುಮಾಸ್ತರು ಬೇಸಿನ ಪಕ್ಕದಲ್ಲಿಯೇ ಕುಳಿತಿದ್ದಾರೆ. ‘ಫೋನೇ ಬರಲಿಲ್ಲ ಸಾರ್’ ಎಂದರು. ಅವರು ಹೇಳಿದ್ದು ಸತ್ಯವೇ ಆಗಿತ್ತು. ಬೆಳಗಿನಿಂದ ಕರೆಂಟಿರಲಿಲ್ಲ. ಹ್ಯಾಂಡ್‌ಸೆಟ್ಟು ಕಂಪ್ಯೂಟರ್ ಕೊಠಡಿಯ ಡ್ರಾಯರಿನಲ್ಲಿ ಸಿಕ್ಕಿತು, ಪರದೆ ಬೆಳ್ಳಗೆ.

ಆ ಶಾಲೆಯವರು ಕೆಟ್ಟವರಲ್ಲ. ಅವರಿಗೆ ಆ ಉಪಕರಣವನ್ನು ಮಾರಿದವರು ಅದರ ಗುಣಗಳನ್ನು ವರ್ಣಿಸಿದ್ದರೇ ಹೊರತು ಅದರ ಹಂಗನ್ನು ಹೇಳಿರಲಿಲ್ಲ. ಪೆಟ್ಟಿಗೆಯ ಮೇಲಿನ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಹತ್ತಾರು ಬಗೆಯ ರಿಂಗ್ ಸಂಗೀತ, ಬಣ್ಣದ ಪರದೆ, ಅಲಾರಂ, ಹೆಸರಿನ ಪಟ್ಟಿ, ರಾತ್ರಿ ಸದ್ದಡಗಿಸುವ ಸೌಕರ್ಯ. ಬೇಸಿನ ಮೇಲೆ ಒಂದು ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಕಳೆದುಹೋದ ಹ್ಯಾಂಡ್‌ಸೆಟ್ಟು ಎಲ್ಲಿದೆಯೋ ಅಲ್ಲಿಂದ ಕೂಗುತ್ತದೆ. ಇದನ್ನೂ ಒಂದು ವೈಶಿಷ್ಟ್ಯವೆಂದು ಅಚ್ಚು ಹಾಕಿರುತ್ತಾರೆ! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ ಅಲ್ಲವೇ. ನಮ್ಮ ಕಪ್ಪು ದೂರವಾಣಿಯನ್ನು ಯಾರೂ ಎಂದೂ ಹುಡುಕಿದ್ದಿಲ್ಲ. ಇನ್ನು ಹ್ಯಾಂಡ್‌ಸೆಟ್ಟಿನ ಸೆಲ್ಲು ಸತ್ತಿದ್ದರೆ ಆ ಗುಂಡಿಯೂ ಮೂಕ.

ತಂತ್ರಜ್ಞಾನವನ್ನು ನಾನು ಹಳಿಯುತ್ತಿಲ್ಲ. ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. ಹಳೆಯ ಅನಲಾಗ್ ಕಾರ್ಡ್‌ಲೆಸ್‌ಗಳಲ್ಲಿ ನೆರೆಮನೆಯ ಮಾತು ನುಸುಳುತ್ತಿದ್ದ ಕಾಲವನ್ನು ದಾಟಿಸಿದ್ದು ಡೆಕ್ಟ್ ಎಂಬ ಡಿಜಿಟಲ್ ಪದ್ಧತಿ. ಯೂರೋಪಿನಲ್ಲಿ 1990ರ ದಶಕದ ಆರಂಭದಲ್ಲಿ ಅದರ ಮಾನದಂಡ ರೂಪುಗೊಂಡಿತು. ಸೆಕೆಂಡಿನ ನೂರನೆಯ ಒಂದು ಭಾಗವನ್ನು 24 ತುಂಡು ಮಾಡಿ, ಅರ್ಧವನ್ನು ಹೋಗುವ ಮಾತಿಗೂ ಅರ್ಧವನ್ನು ಬರುವ ಮಾತಿಗೂ ಹಂಚುವ ಜಾಣತನ ಅದರದು. ಇದೇ ಡೆಕ್ಟ್ ವಿದ್ಯೆಯನ್ನು ಮದರಾಸಿನ ಐಐಟಿಯವರು 1990ರ ದಶಕದಲ್ಲಿ ಕಾರ್‌ಡೆಕ್ಟ್ ಎಂಬ ಹೆಸರಿನಲ್ಲಿ ಬೆಳೆಸಿ, ತಂತಿ ಎಳೆಯಲಾಗದ ಹಳ್ಳಿಗಳಿಗೆ ದೂರವಾಣಿ ಕೊಂಡೊಯ್ಯಲು ಬಳಸಿದರು. ಅಲ್ಲಿ ರೇಡಿಯೋ ಅಲೆ ದೂರವಾಣಿಯನ್ನು ಒಂದು ಸ್ಥಳಕ್ಕೆ ತಲಪಿಸಿತು. ನಮ್ಮ ಕಚೇರಿಗಳಲ್ಲಿ ಅದೇ ಅಲೆ ದೂರವಾಣಿಯನ್ನು ಸ್ಥಳದಿಂದ ಕಿತ್ತಿತು.

‘ಸಾರ್, ಸರಿಯಾಗಿ ಸೆಟ್ಟಿಂಗ್ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ’ ಎಂದು ಸಾಮಗ್ರಿ ಮಾರುವ ನನ್ನ ಶಿಷ್ಯ ಹೇಳುತ್ತಾನೆ. ಒಪ್ಪಿದೆ. ಮಾಡಿಕೊಂಡವರು ಯಾರು? ಹೊಸ ಸೆಲ್ಲನ್ನು ಮೊದಲು ಹದಿನೈದು ಹದಿನಾರು ಗಂಟೆ ಚಾರ್ಜಿಗಿಡಬೇಕೆಂದು ಅನೇಕ ಕೈಪಿಡಿಗಳು ಹೇಳುತ್ತವೆ. ಪೆಟ್ಟಿಗೆ ಒಡೆದ ಐದು ನಿಮಿಷಕ್ಕೆ ಮಾತಾಡಿ ಸಂಭ್ರಮಪಟ್ಟು ಮರೆಯುತ್ತೇವೆ. ಸೆಲ್ಲು ಸೋತಾಗ ಟಿವಿ ರಿಮೋಟಿನ ಮಾಮೂಲಿ ಸೆಲ್ಲನ್ನು ತುರುಕುತ್ತೇವೆ. ಚಾರ್ಜಾಗದ ಸೆಲ್ಲನ್ನು ಚಾರ್ಜಿಗಿಟ್ಟರೆ ಅದು ಸೋರಿ ಒಳಗಿನ ಲೋಹವನ್ನು ತಿಂದುಹಾಕುತ್ತದೆ. ಅನೇಕ ಮಾದರಿಗಳಲ್ಲಿ ಕಾರ್ಖಾನೆಯಿಂದ ಬರುವ ಗುಪ್ತಸಂಖ್ಯೆ ನಾಲ್ಕು ಸೊನ್ನೆ. ಹತ್ತು ವರ್ಷವಾದರೂ ಅದು ನಾಲ್ಕು ಸೊನ್ನೆಯೇ.

ಇಪಿಎಬಿಎಕ್ಸ್ ಇರುವ ಕಚೇರಿಗಳ ಪಾಡು ಇನ್ನೂ ಸೊಗಸು. ಕರೆಯನ್ನು ಇನ್ನೊಂದು ಕೋಣೆಗೆ ವರ್ಗಾಯಿಸಲು ಹ್ಯಾಂಡ್‌ಸೆಟ್ಟಿನಲ್ಲಿ ‘ಆರ್’ ಎಂಬ ಗುಂಡಿ ಇರುತ್ತದೆ. ಅದು ತಂತಿಯನ್ನು ಕ್ಷಣಕಾಲ ಕಡಿದು ಕೂಡಿಸುತ್ತದೆ. ಎಷ್ಟು ಕ್ಷಣ ಎಂಬುದು ಆ ಇಪಿಎಬಿಎಕ್ಸ್‌ನ ನಿರೀಕ್ಷೆಗೆ ಹೊಂದಬೇಕು. ಒಂದು ಕಡೆ 100 ಮಿಲಿಸೆಕೆಂಡು ಸಾಕು, ಇನ್ನೊಂದು ಕಡೆ 600 ಬೇಕು. ಕಡಿಮೆಯಾದರೆ ಏನೂ ಆಗದು, ಹೆಚ್ಚಾದರೆ ಕರೆಯೇ ಕಡಿದುಹೋಗುತ್ತದೆ. ಮೆನುವಿನ ಒಳಗೆ ಒಂದೇ ಸಾಲಿನ ತಿದ್ದುಪಡಿ ಇದು. ಅದನ್ನು ಮಾಡದ ಕಚೇರಿಯಲ್ಲಿ ‘ಲೈನಿನಲ್ಲಿರಿ, ಸಾಹೇಬರಿಗೆ ಕೊಡುತ್ತೇನೆ’ ಎಂದ ಕೂಡಲೇ ಕರೆ ಸಾಯುತ್ತದೆ. ಪಿಂಚಣಿಯ ವಿಚಾರ ಕೇಳಲು ಫೋನು ಮಾಡಿದ ಮುದುಕ ಬೇಕೆಂದೇ ಇಟ್ಟುಬಿಟ್ಟರೆಂದು ತಿಳಿಯುತ್ತಾನೆ.

2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ಬಂತು. ಹ್ಯಾಂಡ್‌ಸೆಟ್ಟಿನ ನೆನಪಿನಲ್ಲಿ ಪೋಷಕರ, ವೈದ್ಯರ, ಬಸ್ ಚಾಲಕರ ಮೊಬೈಲ್ ಸಂಖ್ಯೆಗಳನ್ನು ಸೊನ್ನೆಯಿಲ್ಲದೆ ತುಂಬಿಟ್ಟಿದ್ದರಲ್ಲ, ಅವನ್ನು ತಿದ್ದಿದವರುಂಟೇ? ನಾನು ಕಂಡ ಎರಡು ಕಚೇರಿಗಳಲ್ಲಂತೂ ಇಲ್ಲ. ‘ಈ ಫೋನಿನಿಂದ ಮೊಬೈಲಿಗೆ ಹೋಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಕೂತಿದ್ದಾರೆ.

‘ಈಗ ಎಲ್ಲರ ಕೈಯಲ್ಲಿ ಮೊಬೈಲಿದೆ, ಲ್ಯಾಂಡ್‌ಲೈನ್ ಏಕೆ’ ಎಂಬುದು ಇನ್ನೊಂದು ಮಾತು. ಮುಖ್ಯೋಪಾಧ್ಯಾಯರ ಮೊಬೈಲು ಅವರೊಂದಿಗೆ ವರ್ಗವಾಗಿ ಹೋಗುತ್ತದೆ, ಅವರೊಂದಿಗೆ ನಿವೃತ್ತವಾಗುತ್ತದೆ, ರಜೆಯ ದಿನ ಮದುವೆ ಮನೆಯಲ್ಲಿರುತ್ತದೆ. ಸಂಸ್ಥೆಯ ಸಂಖ್ಯೆ ಸಂಸ್ಥೆಯ ಬಳಿ ಉಳಿಯುತ್ತದೆ. ಇಪ್ಪತ್ತು ವರ್ಷದ ನಂತರ ಒಂದು ವರ್ಗಾವಣೆ ಪತ್ರಕ್ಕಾಗಿ ಕರೆ ಮಾಡುವ ವಿದ್ಯಾರ್ಥಿಗೆ ತಿಳಿದಿರುವುದು ಆ ಸಂಖ್ಯೆ ಮಾತ್ರ. ತಾಮ್ರ ಹೋಗಿ ಫೈಬರ್ ಬಂದಿರುವ ಕಡೆ ತಂತಿಯ ದೂರವಾಣಿಯೂ ಕರೆಂಟು ಹೋದಾಗ ನಿಲ್ಲುತ್ತದೆಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅಲ್ಲಿ ಮೋಡೆಮ್ಮಿಗೆ ಜೀವ ಬೇಕು. ಹಾಗಿದ್ದಲ್ಲಿ ಮೋಡೆಮ್ಮಿಗೊಂದು ಸಣ್ಣ ಯುಪಿಎಸ್ ಹಾಕಿಸಿ. ಕಾರ್ಡ್‌ಲೆಸ್ಸೂ ಇದ್ದರೆ ಅದರ ಬೇಸಿಗೂ ಹಾಕಿಸಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಒಂದು ವಿನಂತಿ, ಕೋಪಿಸಿಕೊಳ್ಳಬಾರದು. ಊರಿನ ಶಾಲೆಗೆಂದು ಪ್ರೀತಿಯಿಂದ ಅಲ್ಲಿಯ ಕಾರ್ಡ್‌ಲೆಸ್ ಜೋಡಿಗಳನ್ನು ತರುವ ರೂಢಿ ನಿಲ್ಲಲಿ. ಅಲ್ಲಿ ‘ಡೆಕ್ಟ್ 6.0’ ಎಂದು ಮಾರುವವು 1920ರಿಂದ 1930 ಮೆಗಾಹರ್ಟ್ಸ್ ನಡುವೆ ನಡೆಯುತ್ತವೆ. ಯೂರೋಪಿನ ಡೆಕ್ಟ್ 1880ರಿಂದ 1900. ಅಮೆರಿಕದ ಹೊರಗೆ ಬಹಳ ದೇಶಗಳಲ್ಲಿ 1920ರಿಂದ ಮೇಲಿನ ಪಟ್ಟಿ ಮೊಬೈಲಿನಿಂದ ಗೋಪುರಕ್ಕೆ ಸಾಗುವ ಅಲೆಗಳ ದಾರಿ. ಅಲ್ಲಿ ನೀವು ಕೊಟ್ಟ ಉಡುಗೊರೆ ಅಡ್ಡ ನಿಲ್ಲಬಹುದು. ಅದಕ್ಕೆ ಮೊದಲು, 120 ವೋಲ್ಟಿನ ಅಡಾಪ್ಟರು ನಮ್ಮ 230ರಲ್ಲಿ ಸುಟ್ಟು ವಾಸನೆ ಬರುವುದು ಖಚಿತ.

ಕಾರ್ಡ್‌ಲೆಸ್ಸನ್ನು ಎಸೆಯಿರಿ ಎನ್ನುವುದಿಲ್ಲ. ಪ್ರಯೋಗಶಾಲೆಗೂ ಬಿಸಿಯೂಟದ ಕೋಣೆಗೂ ಅದು ಉಪಕಾರಿ. ಒಂದೇ ಬೇಸಿಗೆ ನಾಲ್ಕೈದು ಹ್ಯಾಂಡ್‌ಸೆಟ್ ನೋಂದಾಯಿಸಬಹುದು, ಅವುಗಳ ನಡುವೆ ಖರ್ಚಿಲ್ಲದೆ ಇಂಟರ್‌ಕಾಂ ಮಾತಾಡಬಹುದು. ಬೇಸನ್ನು ಕಬ್ಬಿಣದ ಬೀರುವಿನ ಹಿಂದೆ ಇಡದೆ ಎತ್ತರದ ತೆರೆದ ಜಾಗದಲ್ಲಿಡಿ. ಗುಡುಗು ಸಿಡಿಲಿನ ಕಾಲದಲ್ಲಿ ಅದರ ಎರಡೂ ತಂತಿಗಳನ್ನು ಕೀಳಿಸಿ. ಒಂದನ್ನು ಕಿತ್ತರೆ ಇನ್ನೊಂದರಿಂದ ಸಿಡಿಲು ಬರುತ್ತದೆ. ಆದರೆ ಗುಮಾಸ್ತರ ಮೇಜಿನ ಮೇಲೆ, ಅದೇ ಲೈನಿಗೆ, ತಂತಿಯಿರುವ ಒಂದು ದೂರವಾಣಿ ಇರಲೇಬೇಕು. ಹೊಸದು ಕೊಳ್ಳಬೇಕಿಲ್ಲ. ನಿಮ್ಮ ಡೆಡ್ ಸ್ಟಾಕ್ ರಿಜಿಸ್ಟರು ತೆಗೆದು ನೋಡಿ. ಹಳೆಯ ಗುಂಡಿ ಒತ್ತುವ ಸೆಟ್ಟೊಂದು ಬೀರುವಿನ ಕೆಳಗಿನ ಅರೆಯಲ್ಲಿ ನಕ್ಷೆಗಳ ಹಿಂದೆ ಇದ್ದೇ ಇರುತ್ತದೆ. ಬೇಕಾದದ್ದು ಒಂದು ಲೈನನ್ನು ಎರಡು ಮಾಡುವ ಸಾಕೆಟ್ಟು, ಒಂದು ಗಜ ತಂತಿ. ಜೋಡಿಸಿದ ಮೇಲೆ ಮೇನ್ ಸ್ವಿಚ್ ಆರಿಸಿ, ಮೊಬೈಲಿನಿಂದ ನಿಮ್ಮ ಕಚೇರಿಗೇ ಒಂದು ಕರೆ ಮಾಡಿ ನೋಡಿ. ಮಳೆಗಾಲಕ್ಕೆ ಮುಂಚೆ ಮಾಡಿದರೆ ಒಳ್ಳೆಯದು. ಮಾಡಿದವರು ನನಗೊಂದು ಸಾಲು ಬರೆಯಿರಿ.