ಮುಖ ತೋರಿಸದ ಹೀರೋ!

ಒಂದು ಒಗಟು ಹಾಕ್ತೀನಿ, ಕಂಪ್ಲಿ ಬಸ್ಸು ಹೊರಡೋದರೊಳಗೆ ಬಿಡಿಸಿ ನೋಡೋಣ. ಎಂಬತ್ತೈದು ವರ್ಷ ದಾಟಿದರೂ ಇನ್ನೂ ಓಡ್ತಾನೇ ಇರೋ ಆಟ ಯಾವುದು? ಹೀರೋಗೆ ಕಟೌಟಿಲ್ಲ, ಹಾಡಿಲ್ಲ, ಹಾಲಿನ ಅಭಿಷೇಕವಿಲ್ಲ. ಅಷ್ಟೇ ಏಕೆ, ಆ ಮಹಾಶಯ ಓದುಗರಿಗೆ ಇವತ್ತಿನವರೆಗೂ ಸರಿಯಾಗಿ ಮುಖವನ್ನೇ ತೋರಿಸಿಲ್ಲ!

ಸಿನಿಮಾ ಅಂದುಕೊಂಡು ತಲೆ ಕೆರೆದುಕೊಂಡಿರಾ? ಸೋತಿರಿ. ಅವನೇ ಸ್ವಾಮಿ, ನಮ್ಮ ಫ್ಯಾಂಟಮ್! ೧೯೩೬ರ ಫೆಬ್ರವರಿ ೧೭ರಂದು ಅಮೆರಿಕದಲ್ಲಿ ಶುರುವಾದ, ದಿನಕ್ಕೆ ಮೂರ್ನಾಲ್ಕು ಚೌಕದ ಪತ್ರಿಕಾ ಚಿತ್ರಕಥೆ ಇದು. ಬರೆದವನು ಲೀ ಫಾಕ್. ಅದಕ್ಕೂ ಎರಡು ವರ್ಷ ಮೊದಲೇ ಮಾಂಡ್ರೇಕ್ ಜಾದೂಗಾರನನ್ನು ಹುಟ್ಟಿಸಿದ್ದ ಆಸಾಮಿ. ಮೊದಲು ಚಿತ್ರ ಬರೆದವನು ರೇ ಮೂರ್. ಅರವತ್ತರ ದಶಕದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಬರೆದವನು ಸೈ ಬ್ಯಾರಿ. ಲೀ ಫಾಕ್ ೧೯೯೯ರಲ್ಲಿ ಕಣ್ಣು ಮುಚ್ಚುವ ತನಕ ಪೆನ್ನು ಕೆಳಗಿಡಲಿಲ್ಲ. ನಮ್ಮ ಯಾವ ಕಥೆಗಾರನಿಗೆ ಇಷ್ಟು ಉದ್ದದ ಕಾಲ್‌ಷೀಟ್ ಸಿಕ್ಕಿದೆ ಹೇಳಿ!

ನಮ್ಮ ಕಡೆಗೆ ಅವನು ಬಂದದ್ದು ಇಂದ್ರಜಾಲ ಕಾಮಿಕ್ಸ್ ಮೂಲಕ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ೧೯೬೪ರ ಮಾರ್ಚ್‌ನಲ್ಲಿ ಇದನ್ನು ಶುರು ಮಾಡಿತು. ಮುಂದೆ ಕನ್ನಡದಲ್ಲೂ ಬಂತು. ಒಂದು ಪುಸ್ತಕಕ್ಕೆ ಹತ್ತು ಜನ ಓದುಗರು ನಾವು. ಹತ್ತನೆಯವನ ಕೈಗೆ ಬರುವ ಹೊತ್ತಿಗೆ ರಕ್ಷಾಪುಟ ಮಾಯ, ಕೊನೇ ಪುಟವೂ ಮಾಯ! ಖಳನಾಯಕನ ಗತಿ ಏನಾಯ್ತು ಅಂತ ಮೊದಲು ಓದಿದವನ ಬಾಯಿಂದಲೇ ಕೇಳಬೇಕು. ಅವನೋ, ಒಂದು ಮಿರ್ಚಿ ಕೊಡಿಸದೆ ಬಾಯಿ ಬಿಡುತ್ತಿರಲಿಲ್ಲ.

ಈಗ ಕಥೆಯ ಮೂಲಕ್ಕೆ ಬನ್ನಿ. ೧೫೩೬ರಲ್ಲಿ ಕಡಲ್ಗಳ್ಳರು ಒಂದು ಹಡಗನ್ನು ಸುಲಿಯುತ್ತಾರೆ. ಬದುಕಿ ದಡ ಸೇರಿದ ಒಬ್ಬನೇ ಒಬ್ಬ ಹುಡುಗ, ತನ್ನ ತಂದೆಯನ್ನು ಕೊಂದವನ ತಲೆಬುರುಡೆ ಮುಟ್ಟಿ ಆಣೆ ಮಾಡುತ್ತಾನೆ: ನಾನೂ ನನ್ನ ಮಕ್ಕಳೂ ಮೊಮ್ಮಕ್ಕಳೂ ಅನ್ಯಾಯದ ವಿರುದ್ಧ ಹೋರಾಡುತ್ತೇವೆ ಅಂತ. ಅದೇ ಇಸವಿಯಲ್ಲಿ ನಮ್ಮ ಹಂಪಿಯಲ್ಲಿ ಏನಾಗ್ತಿತ್ತು ಗೊತ್ತೇ? ವಿಜಯನಗರ ಹುಟ್ಟಿ ಸರಿಯಾಗಿ ಇನ್ನೂರು ವರ್ಷ. ಗದ್ದುಗೆ ಮೇಲೆ ಅಚ್ಯುತದೇವರಾಯ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಊರಲ್ಲಿದ್ದದ್ದೂ ಸುಮಾರು ಆಗಲೇ. ಫ್ಯಾಂಟಮ್‌ನ ಬಿಳೀ ಕುದುರೆ ‘ಹೀರೋ’ವನ್ನು ಹಂಪಿ ಬಜಾರಿನಲ್ಲೇ ಕೊಂಡಿರಬಹುದು ಅಂತ ನಾವು ಹುಡುಗರು ಪಣ ಕಟ್ಟುತ್ತಿದ್ದೆವು!

ಫ್ಯಾಂಟಮ್‌ನ ಅಸಲಿ ಗುಟ್ಟು ಪಿಸ್ತೂಲಿನಲ್ಲಿಲ್ಲ, ಉಂಗುರದಲ್ಲೂ ಇಲ್ಲ. ಅಪ್ಪ ಸತ್ತ ಕೂಡಲೇ ಮಗ ಅದೇ ಮುಖವಾಡ ಹಾಕ್ಕೊಳ್ತಾನೆ. ನಾವು ಓದಿದವನು ಇಪ್ಪತ್ತೊಂದನೆಯವನು. ವೈರಿಗಳಿಗೆ ಇದು ಗೊತ್ತಿಲ್ಲ; ನಾಲ್ಕು ನೂರು ವರ್ಷದಿಂದ ಒಬ್ಬನೇ ಮನುಷ್ಯ, ಇವನಿಗೆ ಸಾವೇ ಇಲ್ಲ ಅಂತ ನಡುಗುತ್ತಾರೆ.

ಸತ್ತವನು ಎದ್ದು ಬಂದು ವೈರಿಯ ಎದೆ ನಡುಗಿಸೋ ಕಥೆ ನಮ್ಮ ಸೀಮೆಗೆ ಹೊಸದೇನ್ರೀ? ಕಂಪ್ಲಿಯ ಹೆಸರು ಕೇಳಿದರೆ ನೆನಪಾಗಬೇಕಾದ ಗಂಡುಗಲಿ ಕುಮಾರರಾಮ ಇಲ್ಲವೇ! ಮಲತಾಯಿ ರತ್ನಾಜಿ ಹೊರಿಸಿದ ಸುಳ್ಳು ಅಪವಾದ ನಂಬಿ ಕಂಪಿಲರಾಯ ಮಗನ ತಲೆ ತೆಗೆಸಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಗುಟ್ಟಾಗಿ ರಾಮನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸುತ್ತಾನೆ. ದಿಲ್ಲಿಯ ಸೈನ್ಯ ಬಂದಾಗ ಸತ್ತ ಕುಮಾರ ಸಾಕ್ಷಾತ್ ಎದುರಿಗೆ! ಇದಕ್ಕಿಂತ ಇಂಟರ್ವಲ್ ಪಾಯಿಂಟ್ ಬೇಕೇ? ಇತಿಹಾಸದಲ್ಲಿ ಕಂಪಿಲಿ ರಾಜ್ಯ ೧೩೨೭ರಲ್ಲಿ ಬಿತ್ತು. ಜನರ ಬಾಯಲ್ಲಿ ಕುಮಾರ ಬೀಳಲೇ ಇಲ್ಲ. ೨೦೦೬ರಲ್ಲಿ ಭಾರ್ಗವ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ ಈ ಪಾತ್ರ ಮಾಡಿದರು.

ಫ್ಯಾಂಟಮ್‌ಗೂ ಕೊರತೆ ಉಂಟು. ಕಾಡು ಕಪ್ಪು ಜನರದ್ದು, ಕಾಯೋಕೆ ಮಾತ್ರ ತಲೆತಲಾಂತರ ಒಬ್ಬ ಬಿಳಿಯನೇ ಬೇಕೇ? ಆ ಕಾಡಿನವರಿಗೆ ಕೊಟ್ಟ ಹೆಸರು ನೋಡಿ, ‘ಬಾಂದಾರ್’! ಹಿಂದಿ ಬಲ್ಲವನು ಹುಬ್ಬೇರಿಸುತ್ತಾನೆ. ಕಿಷ್ಕಿಂಧೆಯ ನೆಲದಲ್ಲಿ ಹುಟ್ಟಿದ ನಮಗಂತೂ ಕಾಡಿನವರೇ ವೀರರಾದ ಕಥೆ ಮೊದಲಿಂದ ಗೊತ್ತು.

ಬೆಳ್ಳಿತೆರೆಯ ಮಾತಿಗೆ ಬಂದರೆ, ೧೯೪೩ರಲ್ಲಿ ಟಾಮ್ ಟೈಲರ್, ೧೯೯೬ರಲ್ಲಿ ಬಿಲ್ಲಿ ಜೇನ್ ಫ್ಯಾಂಟಮ್ ಆದರು. ಕನ್ನಡದಲ್ಲಿ? ಅಣ್ಣಾವ್ರು ೧೯೬೮ರಲ್ಲಿ ‘ಜೇಡರ ಬಲೆ’ಯಿಂದ ೯೯೯ ಆಗಿ ಪಿಸ್ತೂಲು ಹಿಡಿದರು, ಮುಖ ಮುಚ್ಚಲಿಲ್ಲ. ಮುಚ್ಚಿದ್ದರೆ ನಾವು ಬಿಡ್ತಿದ್ವಾ? ಸುದೀಪ್ ಚಿತ್ರಕ್ಕೆ ಮೊದಲು ‘ಫ್ಯಾಂಟಮ್’ ಅಂತಲೇ ಹೆಸರಿಟ್ಟಿದ್ದರು. ೨೦೨೨ರಲ್ಲಿ ತೆರೆಗೆ ಬಂದಾಗ ಅದು ‘ವಿಕ್ರಾಂತ್ ರೋಣ’. ನಾವು ದುಡ್ಡು ಕೊಡೋದು ಮುಖಕ್ಕೆ. ಫ್ಯಾಂಟಮ್ ಬದುಕಿರೋದು ಕೆಲಸದಿಂದ. ಈ ಎರಡಕ್ಕೂ ಹೊಂದೋದು ಕಷ್ಟ.

ಸಂಡೂರಿನ ಗುಡ್ಡಗಳನ್ನು ನೋಡಿದಾಗ ಈ ಮಾತು ನನಗೆ ಬಹಳ ಕಾಡುತ್ತೆ. ಅದಿರಿನ ಲಾರಿಗಳು ಸಾಲುಗಟ್ಟಿದ್ದ ವರ್ಷಗಳಲ್ಲಿ ಮರದ ಎಲೆಯೂ ಕೆಂಪು, ಉಡೋ ಬಟ್ಟೆಯೂ ಕೆಂಪು. ಕಾಡು ಕಾಯೋಕೆ ಗುಹೆಯಿಂದ ಯಾವ ಮುಖವಾಡದವನೂ ಬರಲಿಲ್ಲ. ಸಮಾಜ ಪರಿವರ್ತನ ಸಮುದಾಯದವರು ೨೦೦೯ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಲೋಕಾಯುಕ್ತ ಸಂತೋಷ್ ಹೆಗ್ಡೆ ೨೦೧೧ರ ಜುಲೈನಲ್ಲಿ ವರದಿ ಕೊಟ್ಟರು. ಅದೇ ತಿಂಗಳು ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಇವರೆಲ್ಲ ಹೆಸರು ಹೇಳಿ, ಕೆಳಗೆ ರುಜು ಹಾಕಿದವರು.

ಕಾಮಿಕ್ಸ್ ಆಗಿದ್ದರೆ ಅಲ್ಲಿಗೆ ‘ಮುಗಿಯಿತು’ ಅಂತ ಬರೀತಿದ್ರು. ಇಲ್ಲಿ ಹಾಗಾಗಲಿಲ್ಲ. ನನ್ನ ಗೆಳೆಯನ ಮಗ ಕಾಲೇಜು ಬಿಟ್ಟು ಸಾಲ ಮಾಡಿ ಲಾರಿ ತಗೊಂಡಿದ್ದ. ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಅವನು ಕಳ್ಳನೂ ಅಲ್ಲ, ಕಡಲ್ಗಳ್ಳನೂ ಅಲ್ಲ. ಗುದ್ದು ಖಳನಿಗೆ ಬಿದ್ದಾಗ ಪಕ್ಕದಲ್ಲಿ ನಿಂತವನ ಹಲ್ಲೂ ಉದುರುತ್ತೆ ಅನ್ನೋದನ್ನ ಯಾವ ಚೌಕದಲ್ಲೂ ಬರೆದಿರಲಿಲ್ಲ. ಮುಂದೆ ೨೦೧೩ರಲ್ಲಿ ಷರತ್ತಿನ ಮೇಲೆ ಗಣಿಗಳು ಮತ್ತೆ ತೆರೆದವು. ಗುಡ್ಡ ಕಾಯೋ ಕೆಲಸವೂ ಮುಗಿದಿಲ್ಲ, ಹೊಟ್ಟೆ ಹೊರೆಯೋ ಕೆಲಸವೂ ಮುಗಿದಿಲ್ಲ. ಎರಡನ್ನೂ ಒಟ್ಟಿಗೆ ನೋಡಬಲ್ಲ ಇಪ್ಪತ್ತೆರಡನೆಯವನು ಬೇಕಾಗಿದ್ದಾನೆ ತಮ್ಮಂದಿರಾ. ಅವನು ನಿಮ್ಮೂರಿನವನೇ ಆಗಿರಲಿ.

ಇಂದ್ರಜಾಲ ಕಾಮಿಕ್ಸ್ ೮೦೦ಕ್ಕೂ ಹೆಚ್ಚು ಸಂಚಿಕೆ ಕಂಡು ೧೯೯೦ರಲ್ಲಿ ನಿಂತುಹೋಯಿತು. ಕನ್ನಡದ ಪ್ರತಿಗಳು ಈಗ ಸುಲಭಕ್ಕೆ ಸಿಗೋದಿಲ್ಲ. ನಿಮ್ಮ ಮನೆ ಅಟ್ಟದ ಮೇಲೆ, ಅಪ್ಪನ ಟ್ರಂಕಿನ ತಳದಲ್ಲಿ ಒಂದೇ ಒಂದು ಇದ್ದರೂ ರದ್ದಿಗೆ ಹಾಕಬೇಡಿ. ಕೊನೇ ಪುಟ ಹರಿದಿದ್ದರೆ ಚಿಂತೆ ಬೇಡ, ಖಳನ ಗತಿ ನಾನು ಹೇಳ್ತೀನಿ. ಮಿರ್ಚಿ ಮಾತ್ರ ನಿಮ್ಮದು!